ಸಹಾಯ ಬೇಕು: ಹಳೇ ವಿ8 ಪಿಕಪ್ ವಿಪರೀತ ಪೆಟ್ರೋಲ್ ಕುಡೀತಿದೆ

5.7 ಲೀಟರ್ ಎಂಜಿನ್, ಜಾಸ್ತಿ ಕುಡಿಯುತ್ತೆ ಅಂತ ಗೊತ್ತು. ಆದ್ರೆ ಈಗೀಗ ಮೈಲೇಜ್ ತೀರಾ ಬಿದ್ದುಹೋಗಿದೆ, ನಿಜಕ್ಕೂ ಬೇಜಾರಾಗ್ತಿದೆ. ಏರ್ ಫಿಲ್ಟರ್, ಆಕ್ಸಿಜನ್ ಸೆನ್ಸರ್ ಹೊಸದು ಹಾಕಿದೆ. ಟೈರ್ ಗಾಳಿ ಸರಿ ಇದೆ, ಬ್ರೇಕೂ ಚಕ್ರಕ್ಕೆ ಅಂಟಿಕೊಂಡು ಉಜ್ತಿಲ್ಲ. ಪ್ಲಗ್ ಬಿಚ್ಚಿ ನೋಡಿದ್ರೆ ಎಲ್ಲದರ ತುದಿಯಲ್ಲೂ ಒಣ ಕಪ್ಪು ಮಸಿ, ಮುಟ್ಟಿದ್ರೆ ಬೆರಳಿಗೆ ಅಂಟುತ್ತೆ. ಸ್ಕ್ಯಾನರ್‌ನಲ್ಲಿ ದೋಷದ ಕೋಡ್ ಒಂದೂ ಇಲ್ಲ. ಲಾಂಗ್ ಟರ್ಮ್ ಫ್ಯೂಯಲ್ ಟ್ರಿಮ್ (ಪೆಟ್ರೋಲ್‌ನ ಕಂಪ್ಯೂಟರ್ ಎಷ್ಟು ಹೆಚ್ಚು-ಕಮ್ಮಿ ಮಾಡ್ತಿದೆ ಅನ್ನೋ ಲೆಕ್ಕ) ಮಾತ್ರ ಎರಡೂ ಬ್ಯಾಂಕ್‌ನಲ್ಲಿ, ಅಂದ್ರೆ ಎಂಜಿನ್‌ನ ಎರಡೂ ಸಾಲು ಸಿಲಿಂಡರ್‌ಗಳಲ್ಲಿ, ಮೈನಸ್ ಶೇ. 12ರ ಆಸುಪಾಸು, ಅಂದ್ರೆ ಕಮ್ಮಿ ಮಾಡ್ತಿದೆ. ಹೈವೇಲಿ ಎಷ್ಟು ಓಡಿಸಿದ್ರೂ ಕೂಲಂಟ್ 70 ಡಿಗ್ರಿ ದಾಟಲ್ಲ.

ತಲೆ ಕೆಟ್ಟಿರೋದು ಇಲ್ಲೇ. ಕೂಲಂಟ್ ರೇಡಿಯೇಟರ್‌ಗೆ ಹೋಗೋದನ್ನ ತಡೆದು ಬಿಡೋ ಥರ್ಮೋಸ್ಟಾಟ್ ವಾಲ್ವ್ ತೆರೆದೇ ಉಳಿದ್ರೆ ಎಂಜಿನ್ ತಣ್ಣಗಿದೆ ಅಂತ ಪೆಟ್ರೋಲ್ ಜಾಸ್ತಿ ಹೋಗುತ್ತೆ, ಸರಿ. ಟ್ರಿಮ್ ಇಷ್ಟು ಕೆಳಗಿಳಿಯೋದೂ ಅದರಿಂದಲೇನಾ, ಇಲ್ಲಾ ಪೆಟ್ರೋಲ್ ಒತ್ತಡ ಹಿಡಿತದಲ್ಲಿಡೋ ಫ್ಯೂಯಲ್ ಪ್ರೆಶರ್ ರೆಗ್ಯುಲೇಟರ್ ಬೇರೆ ಸೋರ್ತಿದ್ಯಾ? ಅನುಭವ ಇರೋರು ಹೇಳಿ, ಎರಡರಲ್ಲಿ ಮೊದಲು ಯಾವುದನ್ನ ನೋಡಲಿ?