‘ಆನ್ ಆಗ್ತಿಲ್ಲ’, ‘ಡಿಸ್‌ಪ್ಲೇ ಬರ್ತಿಲ್ಲ’, ‘ಬೂಟ್ ಆಗ್ತಿಲ್ಲ’: ಎಲ್ಲ ಒಂದೇನಾ?

ಗೆಳೆಯರೇ,

ಹೊಸ ಬಿಡಿಭಾಗ ಹಾಕಿದ ಮೇಲೆ ಡೆಸ್ಕ್‌ಟಾಪ್ ಏಳದೇ ಹೋದರೆ ಏನೇನು ನೋಡಬೇಕು ಅಂತ ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ಮೊದಲ ಪುಟದಲ್ಲೇ ಪದಗಳು ಕೈಕೊಟ್ಟಿವೆ. ನಿಮ್ಮ ನೆರವು ಬೇಕು.

ಹೋದ ತಿಂಗಳು ತಂಗಿಯ ಮಗ ಫೋನ್ ಮಾಡಿದ. “ಮಾಮ, ಹೊಸ ರ‍್ಯಾಮ್ ಹಾಕಿದೆ, ಗ್ರಾಫಿಕ್ಸ್ ಕಾರ್ಡೂ ಹಾಕಿದೆ. ಈಗ ಆನೇ ಆಗ್ತಿಲ್ಲ” ಅಂದ. ಆನ್ ಆಗ್ತಿಲ್ಲ ಅಂದರೆ ಕರೆಂಟೇ ಹೋಗುತ್ತಿಲ್ಲ ಅಂತ ನಾನು ತಿಳಿದೆ. ಪವರ್ ಸಪ್ಲೈ ಹಿಂದಿನ ಸ್ವಿಚ್, 24 ಪಿನ್ನಿನ ಕನೆಕ್ಟರ್, ಪವರ್ ಬಟನ್ನಿನಿಂದ ಬರುವ ಸಣ್ಣ ವೈರು, ಎಲ್ಲವನ್ನೂ ಬಿಚ್ಚಿಸಿ ಮತ್ತೆ ಹಾಕಿಸಿದೆ. ಒಂದು ಗಂಟೆ ಹೋಯಿತು. ಕೊನೆಗೆ ಅವನೇ “ಫ್ಯಾನೆಲ್ಲ ಮೊದಲಿಂದಲೂ ತಿರುಗ್ತಾನೇ ಇದೆ ಮಾಮ” ಅಂದ. ನೋಡಿದರೆ ಮಾನಿಟರ್ ಕೇಬಲ್ ಇನ್ನೂ ಮದರ್‌ಬೋರ್ಡಿನಲ್ಲೇ ಇತ್ತು. ಹೊಸ ಕಾರ್ಡಿಗೆ ಬದಲಾಯಿಸಿದ ಕೂಡಲೇ ತೆರೆ ಬೆಳಗಿತು. ಅವನ ತಪ್ಪೇನೂ ಇಲ್ಲ. ನಾವೆಲ್ಲ ಆಡುವ ಮಾತನ್ನೇ ಅವನೂ ಆಡಿದ್ದ.

‘ಆನ್ ಆಗ್ತಿಲ್ಲ’ ಅನ್ನುವ ಒಂದು ಮಾತಿನೊಳಗೆ ಬೇರೆ ಬೇರೆ ತೊಂದರೆಗಳು ಅಡಗಿವೆ. ಗುಂಡಿ ಒತ್ತಿದರೂ ಫ್ಯಾನ್ ಅಲ್ಲಾಡುವುದಿಲ್ಲ, ದೀಪ ಹತ್ತುವುದಿಲ್ಲ, ಅದು ಒಂದು. ಇದಕ್ಕೆ ‘ಕರೆಂಟ್ ಬರ್ತಿಲ್ಲ’ ಸಾಕು, ಚರ್ಚೆ ಬೇಡ. ಫ್ಯಾನ್ ತಿರುಗುತ್ತದೆ, ತೆರೆ ಮಾತ್ರ ಕಪ್ಪಗಿದೆ, ಅದು ಇನ್ನೊಂದು. ಬೋರ್ಡಿನ ಲೋಗೋ ಬರುತ್ತದೆ, ಆಮೇಲೆ ‘ಬೂಟ್ ಡಿವೈಸ್ ಸಿಗಲಿಲ್ಲ’ ಅನ್ನುತ್ತದೆ. ಇಲ್ಲವೇ ವಿಂಡೋಸ್ ಶುರುವಾಗಿ, ನೀಲಿ ತೆರೆ ತೋರಿಸಿ, ಮತ್ತೆ ಮೊದಲಿಗೆ ಹೋಗುತ್ತದೆ. ಒಂದೊಂದಕ್ಕೂ ನೋಡಬೇಕಾದ ಜಾಗ ಬೇರೆ.

ನನಗೆ ಜಾಸ್ತಿ ಕಷ್ಟ ಕೊಟ್ಟಿರುವುದು ಎರಡನೆಯದು. ಜನ ‘ಡಿಸ್‌ಪ್ಲೇ ಬರ್ತಿಲ್ಲ’ ಅನ್ನುತ್ತಾರೆ. ಕಣ್ಣಿಗೆ ಕಾಣುವುದನ್ನು ಹೇಳುವ ಮಾತು, ಅಷ್ಟರ ಮಟ್ಟಿಗೆ ಸರಿ. ಆದರೆ ಕೇಳಿದವರ ಗಮನ ಮಾನಿಟರ್ ಕಡೆಗೇ ಹೋಗುತ್ತದೆ. ರ‍್ಯಾಮ್ ಅರ್ಧ ಕೂತಿದ್ದರೂ ತೆರೆ ಕಪ್ಪಗೇ ಇರುತ್ತದೆ. ಪ್ರೊಸೆಸರ್ ಪಕ್ಕದ 8 ಪಿನ್ನಿನ ಪವರ್ ಕೇಬಲ್ ಹಾಕಲು ಮರೆತರೂ ಅಷ್ಟೇ. ಹಳೆಯ ಬಯಾಸ್‌ಗೆ (ಮದರ್‌ಬೋರ್ಡಿನಲ್ಲೇ ಇರುವ, ಯಂತ್ರವನ್ನು ಶುರು ಮಾಡುವ ಪ್ರೋಗ್ರಾಮಿಗೆ) ಹೊಸ ಪ್ರೊಸೆಸರ್ ಯಾವುದು ಅಂತ ಗೊತ್ತಾಗದಿದ್ದರೂ ಅಷ್ಟೇ. ಯಂತ್ರ ಶುರುವಾದ ಕೂಡಲೇ ಪ್ರೊಸೆಸರ್, ರ‍್ಯಾಮ್, ಗ್ರಾಫಿಕ್ಸ್ ಸರಿಯಿವೆಯಾ ಅಂತ ತಾನೇ ನೋಡಿಕೊಳ್ಳುತ್ತದೆ. ಅದು ಅಲ್ಲೇ ಎಡವಿದೆ. ಇದನ್ನು ಇಂಗ್ಲಿಷಿನಲ್ಲಿ ‘ಪೋಸ್ಟ್’ ಅನ್ನುತ್ತಾರೆ, ‘ಪವರ್ ಆನ್ ಸೆಲ್ಫ್ ಟೆಸ್ಟ್’ ಅನ್ನುವುದರ ಮೊದಲಕ್ಷರಗಳು. ‘ಕಂಪ್ಯೂಟರ್ ಪೋಸ್ಟ್ ಆಗ್ತಿಲ್ಲ’ ಅಂತ ಬರೆದು ಮನೆಯಲ್ಲಿ ಓದಿಸಿದೆ. ಅಂಚೆಗೆ ಹಾಕುವುದು ಅಂತಲೇ ಅರ್ಥ ಮಾಡಿಕೊಂಡರು. ‘ಸ್ವಪರೀಕ್ಷೆ’ ಅಂದರೆ ಅರ್ಥ ಆಗುತ್ತದೆ, ಆದರೆ ಫೋನಿನಲ್ಲಿ ಯಾರೂ ಹಾಗೆ ಹೇಳುವುದಿಲ್ಲ. ಸದ್ಯಕ್ಕೆ ‘ಮೊದಲ ತಪಾಸಣೆ’ ಅಂತ ಇಟ್ಟುಕೊಂಡಿದ್ದೇನೆ. ‘ಮೊದಲ ತಪಾಸಣೆ ದಾಟ್ತಿಲ್ಲ’ ಅಂದರೆ ನಿಮ್ಮ ಕಿವಿಗೆ ಒಪ್ಪುತ್ತದಾ?

ಬೂಟ್ ಅನ್ನುವುದರ ಹಿನ್ನೆಲೆಯೂ ಚೆನ್ನಾಗಿದೆ. ನಾವು ಕಾಲಿಗೆ ಹಾಕುವ ಬೂಟೂ ಇದೂ ಒಂದೇ ಪದ. ಬೂಟಿನ ಹಿಂಭಾಗದಲ್ಲಿ ಹಿಡಿದೆಳೆಯಲು ಇರುವ ಪಟ್ಟಿಗೆ ‘ಬೂಟ್‌ಸ್ಟ್ರಾಪ್’ ಅಂತ ಹೆಸರು. ಅದನ್ನು ಹಿಡಿದು ತನ್ನನ್ನು ತಾನೇ ಮೇಲೆತ್ತಿಕೊಳ್ಳುವುದು ಅಂತ ಇಂಗ್ಲಿಷಿನಲ್ಲಿ ಒಂದು ನುಡಿಗಟ್ಟು. ಕಂಪ್ಯೂಟರಿಗೂ ಅದೇ ಪೇಚು. ಪ್ರೋಗ್ರಾಮನ್ನು ಒಳಗೆ ತರಲು ಇನ್ನೊಂದು ಪ್ರೋಗ್ರಾಮ್ ಬೇಕು, ಅದನ್ನು ತರುವವರು ಯಾರು? ಹಾಗಾಗಿ 1950ರ ದಶಕದಲ್ಲಿ ಈ ಹೆಸರು ಬಂತು, ಆಮೇಲೆ ‘ಬೂಟ್’ ಅಂತ ಮೊಟಕಾಯಿತು. ನಮ್ಮಲ್ಲಿ ‘ಏಳು’ ಇದೆ. ‘ಕಂಪ್ಯೂಟರ್ ಏಳ್ತಿಲ್ಲ’ ಅನ್ನುವುದನ್ನು ನಾನೇ ಕೇಳಿದ್ದೇನೆ. ತನ್ನಷ್ಟಕ್ಕೆ ಏಳುವುದು, ಎಷ್ಟು ಹೊಂದುತ್ತದೆ ನೋಡಿ! ಆದರೆ ಇದೂ ಎಲ್ಲ ಹಂತಗಳಿಗೂ ಅನ್ವಯವಾಗುತ್ತದೆ. ಅದಕ್ಕೇ ‘ಬೂಟ್ ಆಗ್ತಿಲ್ಲ’ ಅನ್ನುವುದನ್ನು ಲೋಗೋ ಬಂದ ಮೇಲಿನ ಹಂತಕ್ಕೆ ಮಾತ್ರ ಇಟ್ಟುಕೊಳ್ಳೋಣ ಅಂತ ನನ್ನ ಆಸೆ. ವಿಂಡೋಸನ್ನು ಯಾವ ಡಿಸ್ಕಿನಲ್ಲಿ ಮೊದಲು ಹುಡುಕಬೇಕು ಅನ್ನುವ ಸಾಲಿನಲ್ಲಿ ಹೊಸ ಡಿಸ್ಕು ಮುಂದೆ ಬಂದು ವಿಂಡೋಸ್ ಇರುವ ಡಿಸ್ಕು ಹಿಂದಾದಾಗ ಆಗುವುದು ಇದೇ.

ಇನ್ನು ಕೆಲವು ಪದಗಳಲ್ಲಿ ಕನ್ನಡವೇ ಮುಂದಿದೆ. ರ‍್ಯಾಮ್ ಅನ್ನು ನಾವು ‘ಕೂರಿಸುತ್ತೇವೆ’. ‘ಸರಿಯಾಗಿ ಕೂತಿದೆಯಾ?’ ಅಂದರೆ ಯಾರಿಗೂ ವಿವರಿಸಬೇಕಿಲ್ಲ. ತುದಿಯ ಕೊಂಡಿಗೆ ‘ಕಚ್ಚು’ ಅನ್ನುವುದು ಇನ್ನೂ ಸೊಗಸು. ‘ಎರಡೂ ತುದಿ ಒತ್ತಿ, ಟಕ್ ಅಂತ ಕೊಂಡಿ ಕಚ್ಚಬೇಕು.’ ಕೂರುವುದು ಬೇರೆ, ಕಚ್ಚುವುದು ಬೇರೆ. ಕೂತಂತೆ ಕಂಡರೂ ಕಚ್ಚಿರುವುದಿಲ್ಲ, ತೊಂದರೆ ಇರುವುದು ಅಲ್ಲೇ. ಕೊಂಡಿ ಒಂದೇ ಕಡೆ ಇರುವ ಬೋರ್ಡುಗಳೂ ಇವೆ. ಆಗ ಇನ್ನೊಂದು ತುದಿಯನ್ನು ಕಣ್ಣಿಟ್ಟು ನೋಡಬೇಕು.

ಪೇಚಿರುವುದು ‘ತಗೋ’ದಲ್ಲಿ. ‘ರ‍್ಯಾಮ್ ತಗೋತಿಲ್ಲ’ ಅಂದರೆ ಕಿಂಡಿಯೊಳಗೆ ಹೋಗುತ್ತಿಲ್ಲವಾ, ಅಥವಾ ಹೋಗಿದ್ದರೂ ಲೆಕ್ಕಕ್ಕೆ ಬರುತ್ತಿಲ್ಲವಾ? ಮೊದಲನೆಯದಾದರೆ ಡಿಡಿಆರ್4 ಜಾಗಕ್ಕೆ ಅದರ ಮುಂದಿನ ತಲೆಮಾರಿನ ರ‍್ಯಾಮ್ ಆದ ಡಿಡಿಆರ್5 ತಂದಿರಬಹುದು. ಎರಡರ ಕಚ್ಚು ಬೇರೆ ಬೇರೆ ಕಡೆ ಇದೆ, ಒಂದು ಇನ್ನೊಂದರಲ್ಲಿ ಕೂರುವುದಿಲ್ಲ. (ಈ ನಡುವಿನ ಸೀಳಿಗೂ ‘ಕಚ್ಚು’ ಅಂತಲೇ ಅನ್ನುತ್ತೇವೆ. ಕೊಂಡಿ ಕಚ್ಚುವುದರ ಜೊತೆ ಗೊಂದಲ ಆಗುವುದಾದರೆ ಹೇಳಿ, ಬದಲಾಯಿಸುತ್ತೇನೆ.) ಎರಡನೆಯ ಅರ್ಥಕ್ಕೆ ಅನುವಾದಗಳಲ್ಲಿ ‘ಪತ್ತೆಯಾಗಿಲ್ಲ’ ಅಂತ ಬರೆಯುತ್ತಾರೆ. ನನಗೆ ಅದು ಸರಿ ಕಾಣುವುದಿಲ್ಲ. ಪತ್ತೆಯಾಗುವುದು ಕಳೆದುಹೋದದ್ದು ಅಲ್ವಾ? ಇಲ್ಲಿ ವಸ್ತು ಕಣ್ಣೆದುರೇ ಇದೆ. ‘ಗುರುತು ಹಿಡೀತಿಲ್ಲ’ ಹೆಚ್ಚು ಸರಿ ಅನ್ನಿಸುತ್ತದೆ.

ಕೊನೆಗೆ ಒಂದು ಕ್ರಿಯಾಪದದ ಮಾತು. ‘ಆಗ್ತಿಲ್ಲ’, ‘ಆಗಲಿಲ್ಲ’, ‘ಆಗಲ್ಲ’, ಈ ಮೂರರ ವ್ಯತ್ಯಾಸ ಇಲ್ಲಿ ತುಂಬ ಮುಖ್ಯ. ಡಿಡಿಆರ್5 ರ‍್ಯಾಮ್ ಹಾಕಿ ಮೊದಲ ಸಲ ಚಾಲೂ ಮಾಡಿದಾಗ ಬೋರ್ಡು ಅದರ ಜೊತೆ ಹೊಂದಿಕೊಳ್ಳಲು ಕೆಲವು ನಿಮಿಷ ತೆಗೆದುಕೊಳ್ಳಬಹುದು. ಅಷ್ಟೂ ಹೊತ್ತು ತೆರೆ ಕಪ್ಪು. ಇಂಗ್ಲಿಷಿನಲ್ಲಿ ಇದಕ್ಕೆ ‘ಟ್ರೈನಿಂಗ್’ ಅನ್ನುತ್ತಾರೆ. ‘ತರಬೇತಿ’ ಅಂದರೆ ಏನೋ ಕಲಿಸಿದಂತೆ ಕೇಳಿಸುತ್ತದೆ. ನಿಜವಾಗಿ ನಡೆಯುವುದು ಸಂಕೇತಗಳ ಹೊತ್ತು, ವೋಲ್ಟೇಜು ಎಲ್ಲವನ್ನೂ ತಾಳೆ ನೋಡಿ ಹೊಂದಿಸುವ ಕೆಲಸ. ನನ್ನ ಮನಸ್ಸು ‘ಶ್ರುತಿ ಸೇರಿಸುವುದು’ ಕಡೆ ವಾಲಿದೆ. ಎರಡೇ ನಿಮಿಷ ನೋಡಿ ‘ಆಗಲಿಲ್ಲ’ ಅಂದವರಿಗೆ ‘ಇನ್ನೂ ಶ್ರುತಿ ಸೇರಿಸ್ತಿದೆ, ಆಫ್ ಮಾಡಬೇಡಿ’ ಅಂತ ಹೇಳಬಹುದು. ಕಾದು, ಒಂದೇ ರ‍್ಯಾಮ್ ಇಟ್ಟು ನೋಡಿ, ಬಯಾಸ್ ಸೆಟ್ಟಿಂಗ್ ಅಳಿಸಿ ನೋಡಿದ ಮೇಲೂ ಬರದಿದ್ದರೆ ಆಗ ‘ಆಗಲ್ಲ’ ಅನ್ನಲಿ.

ಹಾಗಾಗಿ ಕೇಳುತ್ತಿರುವುದು ಇಷ್ಟು. ಫ್ಯಾನ್ ತಿರುಗಿ ತೆರೆ ಕಪ್ಪಗಿದ್ದರೆ ನೀವು, ನಿಮ್ಮ ಮನೆಯವರು ಬಾಯಲ್ಲಿ ಏನನ್ನುತ್ತೀರಿ? ನಿಘಂಟಿನ ಪದ ಬೇಡ, ಫೋನಿನಲ್ಲಿ ಆಡುವ ಮಾತು ಬೇಕು. ಮತ್ತೆ, ‘ಶ್ರುತಿ ಸೇರಿಸುವುದು’ ಸಂಗೀತ ಗೊತ್ತಿಲ್ಲದವರಿಗೂ ತಲುಪುತ್ತದಾ? ಅದನ್ನೂ ತಿಳಿಸಿ.