ಪುನರ್ಪುಳಿ ಸಿರಪ್‌ನಲ್ಲಿ ನೊರೆ ಬರುತ್ತಿದೆ, ಏನು ಮಾಡಲಿ?

ಪ್ರಶ್ನೆ (ಡೊಂಬಿವಲಿ): ನಮಸ್ಕಾರ ಮೇಡಂ. ದಾದರ್ ಮಾರ್ಕೆಟ್‌ನಿಂದ ತಾಜಾ ಪುನರ್ಪುಳಿ (ಕೋಕಂ ಹಣ್ಣು) ತಂದು ಸಿರಪ್‌ಗೆ ಹಾಕಿದ್ದೇನೆ. ಸಿಹಿ ಜಾಸ್ತಿ ಬೇಡ ಅಂತ ಸಿಪ್ಪೆಯಷ್ಟೇ ತೂಕದ ಸಕ್ಕರೆ. ವಾರದೊಳಗೆ ಮೇಲೆ ಬಿಳಿ ನೊರೆ ಬಂದಿದೆ. ಮುಚ್ಚಳ ತೆಗೆದರೆ ಬುಸ್ಸೆಂದು ಗಾಳಿ. ಕುದಿಸಿದರೆ ಸರಿಹೋಗುತ್ತಾ?

ಉತ್ತರ (ಹಣ್ಣಿನ ಸಿರಪ್ ತಯಾರಿಕೆಯಲ್ಲಿರುವ ಆಹಾರ ತಂತ್ರಜ್ಞೆ, ಮುಲುಂಡ್): ಇಲ್ಲ ಅಕ್ಕ, ಅದನ್ನು ಚೆಲ್ಲಿಬಿಡಿ. ಹಣ್ಣಿನ ಮೇಲೆಯೇ ಇರುವ ಯೀಸ್ಟ್ ಸಕ್ಕರೆ ತಿಂದು ಗ್ಯಾಸ್ ಬಿಡುತ್ತಿದೆ. ಬಾಟಲಿಗೆ ತುಂಬಿದ್ದರೆ ಜೋಪಾನ, ಗಾಜು ಒಡೆಯಬಹುದು. ದಪ್ಪ ಬಟ್ಟೆ ಸುತ್ತಿ ಸಿಂಕ್‌ನಲ್ಲಿಟ್ಟು ನಿಧಾನವಾಗಿ ತೆಗೆಯಿರಿ.

ಸಿರಪ್‌ನಲ್ಲಿ ಸಕ್ಕರೆ ಬರೀ ಸಿಹಿಗಲ್ಲ. ಅದು ಕೆಡದಂತೆ ಕಾಯುವುದೇ ಸಕ್ಕರೆ. ನೂರು ಗ್ರಾಂ ಸಿರಪ್‌ನಲ್ಲಿ ಸುಮಾರು 65 ಗ್ರಾಂ ಇದ್ದರೆ ಯೀಸ್ಟ್ ಬೆಳೆಯಲು ಬೇಕಾದ ನೀರು ಅದಕ್ಕೆ ಸಿಗುವುದಿಲ್ಲ. ಹಾಗಾಗಿ ಬೀಜ ತೆಗೆದ 1 ಕೆಜಿ ಸಿಪ್ಪೆಗೆ 2 ಕೆಜಿ ಸಕ್ಕರೆ ಹಾಕುವುದು. ಇದರಲ್ಲಿ ಕೈ ಬಿಗಿ ಹಿಡಿಯಬೇಡಿ.

ಹಣ್ಣು ತೊಳೆದು, ಒರೆಸಿ, ಫ್ಯಾನಿನ ಕೆಳಗೆ ಪೂರ್ತಿ ಆರಿಸಿ. ಮುಂಬೈ ಸೆಕೆಯಲ್ಲಿ ಇದಕ್ಕೆ ಹೊತ್ತು ಹಿಡಿಯುತ್ತದೆ, ಅವಸರ ಮಾಡಬೇಡಿ. ಗಾಜಿನ ಅಥವಾ ಪಿಂಗಾಣಿ ಭರಣಿಯಲ್ಲಿ ಒಂದು ಪದರ ಸಿಪ್ಪೆ, ಒಂದು ಪದರ ಸಕ್ಕರೆ. ಅಲ್ಯೂಮಿನಿಯಂ, ತಾಮ್ರ ಬೇಡವೇ ಬೇಡ, ಈ ಹುಳಿ ಲೋಹವನ್ನು ತಿನ್ನುತ್ತದೆ. ಮರುದಿನ ನೋಡಿ: ಕರಗದ ಸಕ್ಕರೆ ತಳದಲ್ಲಿ ಗಟ್ಟಿಯಾಗಿ ಕೂತಿರುತ್ತದೆ, ಮೇಲೆ ತೆಳ್ಳಗಿನ ಕೆಂಪು ರಸ ನಿಂತಿರುತ್ತದೆ. ನೊರೆ ಶುರುವಾಗುವುದು ಆ ತೆಳು ರಸದಲ್ಲೇ. ದಿನಾ ಒಣ ಸೌಟಿನಿಂದ ತಳದವರೆಗೆ ಕೆದಕಿ ತಿರುಗಿಸಿ. ಏಳು ದಿನ ಬಿಟ್ಟು ಸೋಸಿ. ಬಿಸಿಗೆ ಬಣ್ಣ ಮಾಸುತ್ತದೆ, ಕುದಿಸಬೇಡಿ. ಕುಡಿಯುವಾಗ ಒಂದು ಪಾಲಿಗೆ ಐದಾರು ಪಾಲು ನೀರು, ಚಿಟಿಕೆ ಉಪ್ಪು, ಹುರಿದ ಜೀರಿಗೆ ಪುಡಿ.

ಸಿಹಿ ಕಮ್ಮಿಯೇ ಬೇಕಾದರೆ ಸಿರಪ್ ಆಸೆ ಬಿಡಿ. ಸಿಪ್ಪೆಯನ್ನು ನೀರಲ್ಲಿ ನೆನೆಸಿ, ಹಿಂಡಿ, ಆ ರಸವನ್ನು ಐಸ್ ಟ್ರೇಯಲ್ಲಿ ಫ್ರೀಜ್ ಮಾಡಿ. ಬೇಕೆಂದಾಗ ಲೋಟಕ್ಕೆ ಎರಡು ತುಂಡು. ಸಕ್ಕರೆ ನಿಮ್ಮಿಷ್ಟ. ನನಗಂತೂ ಇದೇ ಹೆಚ್ಚು ಇಷ್ಟ, ಹಣ್ಣಿನ ಹುಳಿ ಹಾಗೇ ಸಿಗುತ್ತದೆ.

ಪ್ರಶ್ನೆ (ಠಾಣೆ): ಅಂಗಡಿಯ ಒಣ ಕೋಕಂನಿಂದ ಶರಬತ್ತು ಆಗಲ್ವಾ?

ಉತ್ತರ: ಆಗುತ್ತದೆ, ಆದರೆ ಹೆಚ್ಚಿನವಕ್ಕೆ ಉಪ್ಪು ಹಾಕಿ ಒಣಗಿಸಿರುತ್ತಾರೆ. ಒಂದು ಚೂರು ನಾಲಿಗೆಗೆ ಮುಟ್ಟಿಸಿ ನೋಡಿ. ತುಂಬಾ ಉಪ್ಪಿದ್ದರೆ ಸಾರಿಗೆ ಇಡಿ.

ಪ್ರಶ್ನೆ (ಪುಣೆ): ಮಕ್ಕಳಿಗೆ ಕೂಲ್‌ಡ್ರಿಂಕ್ಸ್ ಥರ ಗುಳ್ಳೆ ಬೇಕಂತೆ. ಸೋಡಾ ಹಾಕಿದರೆ ಉಕ್ಕಿ ಸಪ್ಪೆಯಾಗುತ್ತದೆ.

ಉತ್ತರ: ಸಿರಪ್, ಸೋಡಾ, ಲೋಟ ಮೂರೂ ತಣ್ಣಗಿರಲಿ. ತಣ್ಣಗಿದ್ದಷ್ಟೂ ಗ್ಯಾಸ್ ನಿಲ್ಲುತ್ತದೆ. ಉಪ್ಪನ್ನು ಮೊದಲೇ ಸಿರಪ್‌ನಲ್ಲಿ ಕರಗಿಸಿ. ಸೋಡಾ ಮೇಲೆ ಉದುರಿಸಿದರೆ ಒಂದೊಂದು ಹರಳಿಗೂ ಗುಳ್ಳೆ ಎದ್ದು ಗ್ಯಾಸ್ ಹೋಗಿಬಿಡುತ್ತದೆ. ಲೋಟ ಓರೆ ಮಾಡಿ ಬದಿಯಿಂದ ಸೋಡಾ ಇಳಿಸಿ, ಚಮಚ ಒಂದೇ ಸುತ್ತು.

ಪ್ರಶ್ನೆ (ಡೊಂಬಿವಲಿ): ಅತ್ತೆಯವರಿಗೆ ಶುಗರ್ ಇದೆ. ಮಾವಿನಕಾಯಿ ಪನ್ಹೆಗೆ (ಪಾನಕಕ್ಕೆ) ಬೆಲ್ಲ ಹಾಕಿದರೆ ಪರವಾಗಿಲ್ವಾ?

ಉತ್ತರ: ಬೆಲ್ಲವೂ ಸಕ್ಕರೆಯೇ ಅಕ್ಕ, ಶುಗರ್ ಏರಿಸುತ್ತದೆ. ಬೇಯಿಸಿದ ಮಾವಿನಕಾಯಿ ತಿರುಳನ್ನು ಸಿಹಿ ಹಾಕದೆ ತೆಗೆದಿಡಿ. ಅತ್ತೆಯವರಿಗೆ ಅದರಲ್ಲೇ ಸ್ವಲ್ಪ ನೀರು, ಜೀರಿಗೆ, ಪುದೀನ ಹಾಕಿ ಕೊಡಿ. ಉಳಿದವರ ಲೋಟಕ್ಕೆ ಬೆಲ್ಲ ಆಮೇಲೆ.