ಸಹಾಯ ಬೇಕು: ಮಧ್ಯಾಹ್ನವಾದೊಡನೆ ಕೇಬಲ್ ಮೋಡೆಮ್ ಸಂಪರ್ಕ ಕಡಿದುಕೊಳ್ಳುತ್ತದೆ

ಗುಂಪಿನ ಎಲ್ಲರಿಗೂ ನಮಸ್ಕಾರ. ರಾಯಚೂರಿನ ಸ್ಟೇಷನ್ ರಸ್ತೆಯ ಸಮೀಪದ ನಮ್ಮ ಮನೆಯಲ್ಲಿ, ಟಿವಿಗೆ ಬರುವ ಕೇಬಲ್ಲಿನಲ್ಲೇ ಇಂಟರ್‌ನೆಟ್ ಒದಗಿಸುವ ಡಾಕ್ಸಿಸ್ 3.0 (ಕೇಬಲ್ ಇಂಟರ್‌ನೆಟ್ಟಿನ ಒಂದು ಮಾನದಂಡ) ಮೋಡೆಮ್ ಇದೆ. ಬೆಳಿಗ್ಗೆ ಎಲ್ಲವೂ ಸರಿಯಾಗಿದ್ದು, ಬಿಸಿಲೇರಿ ಮಾಳಿಗೆ ಕಾದ ಮೇಲೆ ಆನ್‌ಲೈನ್ ದೀಪ ಮಿಣುಕತೊಡಗುತ್ತದೆ.

ವೈ-ಫೈ ದೋಷವಿರಬಹುದೆಂದು ಲ್ಯಾಪ್‌ಟಾಪಿಗೆ ನೇರವಾಗಿ ಲ್ಯಾನ್ ವೈರ್ ಜೋಡಿಸಿ ನೋಡಿದರೂ ಫಲ ಅದೇ. ಬ್ರೌಸರಿನಲ್ಲಿ ಮೋಡೆಮಿನ ಸ್ಥಿತಿ ತೋರಿಸುವ 192.168.100.1 ಪುಟ ತೆರೆದಾಗ ಡೌನ್‌ಸ್ಟ್ರೀಮ್ ಪವರ್ (ಮೋಡೆಮಿಗೆ ಬರುವ ಸಿಗ್ನಲ್ಲಿನ ಬಲ) ಬೆಳಿಗ್ಗೆ -6 ಡಿಬಿಎಂವಿ ಇದ್ದದ್ದು ಮಧ್ಯಾಹ್ನ -13ಕ್ಕೆ ಇಳಿದಿತ್ತು. ಎಸ್‌ಎನ್‌ಆರ್ (ಗದ್ದಲಕ್ಕೆ ಹೋಲಿಸಿದಾಗ ಸಿಗ್ನಲ್ ಎಷ್ಟು ಬಲವಾಗಿದೆ ಎಂಬ ಅಳತೆ) 36ರಿಂದ 29 ಡಿಬಿಗೆ ಕುಸಿದು, ಅಪ್‌ಸ್ಟ್ರೀಮ್ ಪವರ್ (ಮೋಡೆಮ್ ಹೊರಗೆ ಕಳಿಸುವ ಸಿಗ್ನಲ್ಲಿನ ಬಲ) 51 ಡಿಬಿಎಂವಿಗೆ ಏರಿ, ಲಾಗ್‌ನಲ್ಲಿ ಟಿ3 ಟೈಮ್‌ಔಟ್ (ಮೋಡೆಮಿನ ಕರೆಗೆ ಕಂಪನಿ ಕಡೆಯಿಂದ ಉತ್ತರ ಬಂದಿಲ್ಲ) ಎಂಬ ಸಾಲು ಮೇಲಿಂದ ಮೇಲೆ ಕಾಣುತ್ತಿತ್ತು. ದಾರಿಯಲ್ಲಿ ಸಿಗ್ನಲ್ ಸೋರಿದಷ್ಟೂ ಮೋಡೆಮ್ ದನಿ ಏರಿಸಿ ಕೂಗಬೇಕಾಗುತ್ತದೆ ಎಂದು ನಾನು ಅರ್ಥಮಾಡಿಕೊಂಡಿದ್ದೇನೆ, ತಪ್ಪಿದ್ದರೆ ತಿದ್ದಿರಿ.

ಮಾಳಿಗೆಯ ಮೇಲೆ, ನೀರಿನ ಟ್ಯಾಂಕಿನ ಪಕ್ಕದಲ್ಲಿ, ಒಂದು ಕೇಬಲ್ಲಿನ ಸಿಗ್ನಲ್ಲನ್ನು ಹಂಚುವ ಎರಡು ಕವಲಿನ ಸ್ಪ್ಲಿಟರ್ ಇದೆ. ಅದಕ್ಕೆ ಸುತ್ತಿದ್ದ ಟೇಪು ಬಿಸಿಲಿಗೆ ಕರಗಿ ಅಂಟಂಟಾಗಿದೆ. ಕನೆಕ್ಟರ್ ಬಿಚ್ಚಿದರೆ ಒಳಗೆ ಹಸಿರು ಕಿಲುಬು. ಅಂಥ ಸ್ಪ್ಲಿಟರ್ ಒಂದೊಂದು ಕವಲಿನಲ್ಲೂ ಸುಮಾರು 3.5 ಡಿಬಿ ನುಂಗುತ್ತದೆಂದು ಬಲ್ಲೆ, ಆದರೆ ಹೊತ್ತಿಗೆ ತಕ್ಕಂತೆ 7 ಡಿಬಿ ವ್ಯತ್ಯಾಸಕ್ಕೆ ಕಿಲುಬೇ ಕಾರಣವೇ, ಅಥವಾ ಬೀದಿಯಲ್ಲಿ ಸಿಗ್ನಲ್ ಬಲಪಡಿಸುವ ಆಂಪ್ಲಿಫೈಯರ್ ಕಾರಣವೇ?

ಕೇಬಲ್ಲಿನವರು ಬಂದು, ಅಳೆಯದೆಯೇ, ಹೊಸ ಮೋಡೆಮ್ ಕೊಳ್ಳಿ ಎಂದು ಹೋದರು. ನನಗೆ ಒಪ್ಪಿಗೆಯಾಗಿಲ್ಲ. ಸ್ಪ್ಲಿಟರ್ ತೆಗೆದು ಆರ್‌ಜಿ-6 (ಟಿವಿಗೆ ಬಳಸುವ ದಪ್ಪ ಕೇಬಲ್) ಕೇಬಲನ್ನು ನೇರವಾಗಿ ಮೋಡೆಮಿಗೆ ಕೊಟ್ಟು ಒಂದು ದಿನ ಅಂಕಿಗಳನ್ನು ಬರೆದಿಟ್ಟರೆ ದೋಷ ಯಾರ ಕಡೆಯದೆಂದು ತಿಳಿದೀತೇ? ಈ ಕೆಲಸ ಬಲ್ಲವರು ದಯವಿಟ್ಟು ತಿಳಿಸಿ.